ಬೈಕ್ ಲೈಸೆನ್ಸ್ ಟೆಸ್ಟ್: ಕಾಲು ಊರದೆ ಪಾಸಾಗಲು ಏನು ಕಲಿಯಬೇಕು, ಹೇಗೆ ಕಲಿಯಬೇಕು?

"ಎಂಟು ಹಾಕುವಾಗ ಕಾಲು ಕೆಳಗೆ ಬಂದೇ ಬಿಡುತ್ತದೆ, ಏನು ಮಾಡಲಿ?" "ರಸ್ತೆಯಲ್ಲಿ ಚೆನ್ನಾಗಿಯೇ ಓಡಿಸುತ್ತೇನೆ, ಟೆಸ್ಟಿನಲ್ಲಿ ಮಾತ್ರ ಗಾಡಿ ಆಫ್ ಆಗುತ್ತದೆ, ಯಾಕೆ?" ಬೈಕ್ ಲೈಸೆನ್ಸ್ ಮಾಡಿಸಲು ಹೊರಟವರು ಮತ್ತೆ ಮತ್ತೆ ಕೇಳುವುದು ಈ ಎರಡೇ ಪ್ರಶ್ನೆ. (ಎಂಟು ಹಾಕುವುದು ಅಂದರೆ 8ರ ಆಕಾರದ ಗೆರೆಯಲ್ಲಿ ಕಾಲು ಊರದೆ ಗಾಡಿ ಓಡಿಸುವುದು.) ಎರಡಕ್ಕೂ ಉತ್ತರ ಒಂದೇ: ನಿಧಾನಕ್ಕೆ ಓಡಿಸುವುದು ಅಭ್ಯಾಸ ಇಲ್ಲ.

ಗಂಟೆಗೆ 40 ಕಿ.ಮೀ. ವೇಗದಲ್ಲಿ ಬೈಕು ತನ್ನಷ್ಟಕ್ಕೇ ನೆಟ್ಟಗೆ ಹೋಗುತ್ತದೆ. ನಡಿಗೆಯ ವೇಗಕ್ಕೆ ಇಳಿದಾಗ ಅದು ವಾಲದ ಹಾಗೆ ನೋಡಿಕೊಳ್ಳುವ ಕೆಲಸ ಪೂರ್ತಿ ನಿಮ್ಮ ಮೇಲೆ ಬೀಳುತ್ತದೆ. ದಿನಾ ಬೈಕು ಓಡಿಸುವವರಿಗೂ ಇದು ಕಷ್ಟವೇ. ಗಾಡಿ ನಿಧಾನ ಆದ ಕೂಡಲೇ ಕಾಲು ಊರಿ ರೂಢಿಯಾಗಿರುತ್ತದೆ. ಟೆಸ್ಟ್ ಟ್ರ್ಯಾಕಿನಲ್ಲಿ ಅಳೆಯುವುದು ಅದನ್ನೇ. ಹಾಗಾಗಿ ಈ ಲೇಖನದಲ್ಲಿ ಕಾಗದಪತ್ರಕ್ಕೆ ಕಡಿಮೆ ಜಾಗ, ಕ್ಲಚ್, ಕಣ್ಣು, ಬ್ರೇಕ್ ಈ ಮೂರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ನಿಮ್ಮ ಟೆಸ್ಟಿನಲ್ಲಿ ಏನೇನಿದೆ ಅಂತ ಮೊದಲು ತಿಳಿದುಕೊಳ್ಳಿ

ಟೆಸ್ಟ್ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಭಾರತದಲ್ಲಿ ಮೊದಲು ಕಲಿಕಾ ಲೈಸೆನ್ಸ್, ಅಂದರೆ ಎಲ್ಎಲ್ಆರ್. ಅದಕ್ಕೆ 6 ತಿಂಗಳ ಆಯಸ್ಸು. ಅದು ಕೈಗೆ ಬಂದು 30 ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಟೆಸ್ಟ್ ಕೊಡಬಹುದು. ಬ್ರಿಟನ್ನಿನಲ್ಲಿ ಬರಹದ ಪರೀಕ್ಷೆ ಆದ ಮೇಲೆ ಓಡಿಸುವ ಪರೀಕ್ಷೆಯನ್ನು ಎರಡು ಭಾಗ ಮಾಡಿದ್ದಾರೆ. ಮೊದಲನೆಯದು ಮುಚ್ಚಿದ ಮೈದಾನದಲ್ಲಿ, ಎರಡನೆಯದು ನಿಜವಾದ ರಸ್ತೆಯಲ್ಲಿ, ಸುಮಾರು 40 ನಿಮಿಷ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಮಾನ್ಯತೆ ಇರುವ ತರಬೇತಿ ಮುಗಿಸಿದರೆ ಸರ್ಕಾರಿ ಕಚೇರಿಯಲ್ಲಿ ಮತ್ತೆ ಓಡಿಸಿ ತೋರಿಸಬೇಕಾಗಿಲ್ಲ. ಜಪಾನಿನ ಟೆಸ್ಟಿನಲ್ಲಿ 15 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಹಲಗೆಯಂಥ ಪಟ್ಟಿಯ ಮೇಲೆ ಬೈಕು ಓಡಿಸಬೇಕು. ಅದನ್ನು ಬೇಗ ದಾಟಿದರೆ ಅಂಕ ಕಳೆಯುತ್ತಾರೆ. ಮಧ್ಯಮ ಬೈಕಿಗೆ ಕನಿಷ್ಠ 7 ಸೆಕೆಂಡು, ದೊಡ್ಡ ಬೈಕಿಗೆ ಕನಿಷ್ಠ 10 ಸೆಕೆಂಡು ತೆಗೆದುಕೊಳ್ಳಲೇಬೇಕು. 10 ಸೆಕೆಂಡು ಅಂದರೆ ಗಂಟೆಗೆ ಸುಮಾರು 5 ಕಿ.ಮೀ. ಮನುಷ್ಯ ನಡೆಯುವ ವೇಗ ಅಷ್ಟೇ!

ನಿಮ್ಮ ಕಡೆಯ ನಿಯಮವನ್ನು ಸಾರಿಗೆ ಇಲಾಖೆಯ ಅಧಿಕೃತ ಜಾಲತಾಣದಲ್ಲೇ ಓದಿ. ಸ್ನೇಹಿತರು ಹೇಳಿದ್ದು ಹಳೆಯ ನಿಯಮ ಆಗಿರಬಹುದು. ಓದುವಾಗ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಯಾವ ಯಾವ ಕಸರತ್ತು ಮಾಡಿಸುತ್ತಾರೆ, ಯಾವ ತಪ್ಪಿಗೆ ಅಲ್ಲೇ ಫೇಲ್, ಬೈಕು ನೀವು ತರಬೇಕೋ ಅವರೇ ಕೊಡುತ್ತಾರೋ, ಯಾವ ಮೂಲ ದಾಖಲೆ ತರಬೇಕು.

ಇಲ್ಲಿ ಎರಡು ಕಡೆ ಜನ ಎಡವುತ್ತಾರೆ. ಒಂದು, ಕಲಿಕಾ ಲೈಸೆನ್ಸಿನ ಅವಧಿ ಮುಗಿದುಹೋಗುವುದು. ಕೊನೇ ವಾರಕ್ಕೆ ಟೆಸ್ಟ್ ಇಟ್ಟುಕೊಂಡರೆ, ಫೇಲ್ ಆದಾಗ ಇನ್ನೊಮ್ಮೆ ಕೊಡಲು ಸಮಯವೇ ಇರುವುದಿಲ್ಲ. ಇನ್ನೊಂದು, ವಾಹನದ ವರ್ಗ. ಗೇರ್ ಇಲ್ಲದ ಸ್ಕೂಟರಿನಲ್ಲಿ ಟೆಸ್ಟ್ ಕೊಟ್ಟರೆ ಹಲವು ಕಡೆ ಗೇರ್ ಇಲ್ಲದ ಗಾಡಿಗೆ ಮಾತ್ರ ಲೈಸೆನ್ಸ್ ಸಿಗುತ್ತದೆ. ಮುಂದೆ ಗೇರ್ ಬೈಕು ಓಡಿಸುವ ಯೋಚನೆ ಇದ್ದರೆ ಈಗಲೇ ಅದಕ್ಕೆ ಅರ್ಜಿ ಹಾಕಿ.

2. ಬರಹದ ಪರೀಕ್ಷೆ: ಉರು ಹೊಡೆಯುವ ಮೊದಲು ಆಕಾರ ನೋಡಿ

ರಸ್ತೆ ಚಿಹ್ನೆಗಳನ್ನು ಒಂದೊಂದಾಗಿ ಉರು ಹೊಡೆಯಲು ಹೋದರೆ ತಲೆ ಕೆಡುತ್ತದೆ. ಅವುಗಳ ಆಕಾರದಲ್ಲೇ ಅರ್ಧ ಉತ್ತರ ಇರುತ್ತದೆ. ಬಹುತೇಕ ದೇಶಗಳಲ್ಲಿ ಕೆಂಪು ಅಂಚಿನ ತ್ರಿಕೋನ ಅಂದರೆ ಎಚ್ಚರಿಕೆ, ಮುಂದೆ ಏನೋ ಇದೆ. ಕೆಂಪು ಅಂಚಿನ ವೃತ್ತ ಅಂದರೆ ಇದನ್ನು ಮಾಡಬೇಡ. ನೀಲಿ ವೃತ್ತ ಅಂದರೆ ಇದನ್ನು ಮಾಡಲೇಬೇಕು. ಚೌಕ ಅಥವಾ ಆಯತ ಇದ್ದರೆ ಮಾಹಿತಿ. ಎಂಟು ಮೂಲೆಯ ಫಲಕ ನಿಲ್ಲು ಅನ್ನುವುದಕ್ಕೆ ಮಾತ್ರ ಮೀಸಲು. ತಲೆಕೆಳಗಾದ ತ್ರಿಕೋನ ದಾರಿ ಬಿಡು ಅನ್ನುವುದಕ್ಕೆ ಮಾತ್ರ ಮೀಸಲು. ಈ ಎರಡಕ್ಕೆ ಬೇರೆಯೇ ಆಕಾರ ಇರುವುದರಿಂದ ಫಲಕ ಮಣ್ಣು ಮೆತ್ತಿಕೊಂಡಿದ್ದರೂ, ಹಿಂದಿನಿಂದ ನೋಡಿದರೂ ಗುರುತು ಸಿಗುತ್ತದೆ. ಅಮೆರಿಕದಂಥ ಕೆಲವು ಕಡೆ ಎಚ್ಚರಿಕೆಗೆ ಹಳದಿ ವಜ್ರಾಕೃತಿ ಇರುತ್ತದೆ, ಅದೊಂದು ಗಮನಿಸಿ.

ಚಿಹ್ನೆ ಆದ ಮೇಲೆ ಜಾಸ್ತಿ ಜನ ತಪ್ಪು ಮಾಡುವುದು "ಯಾರು ಮೊದಲು ಹೋಗಬೇಕು" ಅನ್ನುವ ಪ್ರಶ್ನೆಗಳಲ್ಲಿ. ದೀಪ ಇಲ್ಲದ ನಾಲ್ಕು ರಸ್ತೆ ಕೂಡುವ ಜಾಗ, ವೃತ್ತ, ಜೀಬ್ರಾ ಪಟ್ಟಿ, ಆಂಬುಲೆನ್ಸ್. ಕಾಗದದ ಮೇಲೆ ಚಿತ್ರ ಬರೆದು, ಒಂದೊಂದು ಗಾಡಿಯನ್ನೂ ನಡೆಸಿ ನೋಡಿ. ಎರಡೇ ದಿನದಲ್ಲಿ ಗೊಂದಲ ಹೋಗುತ್ತದೆ.

ಮುಂದಿನ ಗಾಡಿಯಿಂದ ಎಷ್ಟು ದೂರ ಇರಬೇಕು ಅನ್ನುವುದಕ್ಕೆ ಎರಡು ಸೆಕೆಂಡಿನ ಲೆಕ್ಕ ಸಾಕು. ಮುಂದಿನ ಗಾಡಿ ಒಂದು ಕಂಬ ದಾಟಿತು ಅಂತಿಟ್ಟುಕೊಳ್ಳಿ. ನೀವು ಅದೇ ಕಂಬ ತಲುಪಲು ಕನಿಷ್ಠ ಎರಡು ಸೆಕೆಂಡು ಆಗಬೇಕು. ಮಳೆ ಇದ್ದರೆ ನಾಲ್ಕು.

3. ಬೈಕು ಮತ್ತು ಮೈಮೇಲಿನ ಸಾಮಾನು

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಹಗುರವಾದ, ಸೀಟು ತಗ್ಗಾಗಿರುವ ಬೈಕು ತೆಗೆದುಕೊಳ್ಳಿ. ಸೀಟಿನ ಮೇಲೆ ಕೂತಾಗ ಎರಡೂ ಪಾದದ ಮುಂಭಾಗ ನೆಲಕ್ಕೆ ತಾಗಬೇಕು. ಪೂರ್ತಿ ಪಾದ ಊರಬೇಕಾಗಿಲ್ಲ. ಅಣ್ಣನದೋ ಗೆಳೆಯನದೋ ದೊಡ್ಡ ಬೈಕು ತಂದು ಟೆಸ್ಟ್ ಕೊಟ್ಟರೆ ಯಾರೂ ಹೆಚ್ಚು ಅಂಕ ಕೊಡುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ಯಾವ ಬೈಕಿನಲ್ಲಿ ಅಭ್ಯಾಸ ಮಾಡಿದಿರೋ ಅದರಲ್ಲೇ ಟೆಸ್ಟ್ ಕೊಡಿ. ಪ್ರತಿ ಬೈಕಿನ ಕ್ಲಚ್ಚೂ ಬೇರೆ. ಒಂದರಲ್ಲಿ ಲಿವರ್ ಸ್ವಲ್ಪ ಬಿಟ್ಟ ಕೂಡಲೇ ಹಿಡಿಯುತ್ತದೆ, ಇನ್ನೊಂದರಲ್ಲಿ ಪೂರ್ತಿ ಬಿಡುವವರೆಗೂ ಹಿಡಿಯುವುದಿಲ್ಲ. ಹಿಂದಿನ ದಿನ ಬೈಕು ಬದಲಾಯಿಸಿದರೆ ಕೈಗೆ ಕಲಿಸಿದ್ದೆಲ್ಲ ಹೊಸದಾಗಿ ಕಲಿಸಬೇಕಾಗುತ್ತದೆ.

ಟೆಸ್ಟಿಗೆ ಹೋಗುವ ಬೈಕಿನಲ್ಲಿ ಹೆಡ್‌ಲೈಟ್, ಬ್ರೇಕ್ ಲೈಟ್, ಎರಡೂ ಕಡೆಯ ಇಂಡಿಕೇಟರ್, ಹಾರ್ನ್, ಎರಡೂ ಕನ್ನಡಿ ಸರಿ ಇರಬೇಕು. ಬ್ರೇಕ್ ಲೈಟು ಮುಂದಿನ ಲಿವರಿಗೂ ಹತ್ತಬೇಕು, ಹಿಂದಿನ ಪೆಡಲಿಗೂ ಹತ್ತಬೇಕು. ಎರಡನ್ನೂ ಬೇರೆ ಬೇರೆಯಾಗಿ ಒತ್ತಿ ನೋಡಿ. ಚೈನ್ ಸಡಿಲ ಇದ್ದರೆ ನಿಧಾನ ವೇಗದಲ್ಲಿ ಗಾಡಿ ಜಗ್ಗಿ ಜಗ್ಗಿ ಹೋಗುತ್ತದೆ. ಅದನ್ನು ಬಿಗಿ ಮಾಡಿಸಿ. ಟೈರಿನ ಗಾಳಿ ಕಡಿಮೆ ಇದ್ದರೆ ಹ್ಯಾಂಡಲ್ ಭಾರ ಆಗುತ್ತದೆ, ಎಂಟು ಹಾಕುವಾಗ ಅದು ಚೆನ್ನಾಗಿಯೇ ಗೊತ್ತಾಗುತ್ತದೆ.

ಹೆಲ್ಮೆಟ್ ಮಾನ್ಯತೆ ಪಡೆದದ್ದೇ ಇರಲಿ. ಭಾರತದಲ್ಲಿ ಐಎಸ್ಐ ಗುರುತು, ಯುರೋಪಿನಲ್ಲಿ ಇಸಿಇ, ಅಮೆರಿಕದಲ್ಲಿ ಡಿಒಟಿ. ಗದ್ದದ ಕೆಳಗಿನ ಪಟ್ಟಿ ಹಾಕಿ, ಬಕಲ್ ಕ್ಲಿಕ್ ಅನ್ನಬೇಕು. ಪಟ್ಟಿ ಹಾಕದ ಹೆಲ್ಮೆಟ್ ಬಿದ್ದಾಗ ತಲೆಯಿಂದ ಕಳಚಿ ಹೋಗುತ್ತದೆ. ಕಾಲಿಗೆ ಹಿಮ್ಮಡಿ, ಕಣಕಾಲು ಮುಚ್ಚುವ ಶೂ. ಚಪ್ಪಲಿಯಲ್ಲಿ ಗೇರ್ ಹಾಕುವಾಗ ಬೆರಳು ಜಾರುತ್ತದೆ. ಶೂ ಲೇಸನ್ನು ಒಳಗೆ ಸಿಕ್ಕಿಸಿ, ಅದು ಗೇರ್ ಲಿವರಿಗೆ ಸುತ್ತಿಕೊಂಡರೆ ಕಾಲು ಇಳಿಸಲು ಆಗದೆ ಬೀಳುತ್ತೀರಿ.

4. ಅರ್ಧ ಕ್ಲಚ್: ಇಲ್ಲಿಗೆ ಜಾಸ್ತಿ ಸಮಯ ಕೊಡಿ

ಎಡಗೈಯ ಲಿವರ್ ಕ್ಲಚ್. ಪೂರ್ತಿ ಹಿಡಿದಾಗ ಎಂಜಿನ್ನಿಗೂ ಹಿಂದಿನ ಚಕ್ರಕ್ಕೂ ಸಂಬಂಧ ಕಡಿದುಹೋಗುತ್ತದೆ. ಪೂರ್ತಿ ಬಿಟ್ಟಾಗ ಎರಡೂ ಕೂಡಿಕೊಳ್ಳುತ್ತವೆ. ಇವೆರಡರ ನಡುವೆ ಒಂದು ಜಾಗ ಇದೆ. ಅಲ್ಲಿ ಕ್ಲಚ್ಚಿನ ತಟ್ಟೆಗಳು ಒಂದಕ್ಕೊಂದು ಉಜ್ಜಿಕೊಂಡು, ಎಂಜಿನ್ನಿನ ಶಕ್ತಿಯನ್ನು ಸ್ವಲ್ಪ ಸ್ವಲ್ಪವೇ ಚಕ್ರಕ್ಕೆ ಕೊಡುತ್ತವೆ. ಅದೇ ಅರ್ಧ ಕ್ಲಚ್. ನಿಧಾನ ಓಡಿಸುವ ಕಲೆ ಪೂರ್ತಿ ಇರುವುದು ಲಿವರಿನ ಆ ಒಂದೆರಡು ಸೆಂಟಿಮೀಟರಿನಲ್ಲಿ.

ಖಾಲಿ, ಸಮತಟ್ಟಾದ ಜಾಗಕ್ಕೆ ಹೋಗಿ. ಜೊತೆಗೆ ಲೈಸೆನ್ಸ್ ಇರುವ ಒಬ್ಬರು ಇರಲಿ. ಮೊದಲನೇ ಗೇರ್ ಹಾಕಿ, ಎರಡೂ ಕಾಲು ನೆಲದ ಮೇಲೆ ಇಟ್ಟು, ಆಕ್ಸಲರೇಟರ್ ಮುಟ್ಟದೆ ಕ್ಲಚ್ಚನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಬಿಡುತ್ತಾ ಬನ್ನಿ. ಒಂದು ಕಡೆ ಎಂಜಿನ್ನಿನ ಸದ್ದು ತಗ್ಗುತ್ತದೆ, ಸೀಟಿನ ಕೆಳಗೆ ಗಾಡಿ ಮೆಲ್ಲಗೆ ಮುಂದಕ್ಕೆ ಜಗ್ಗುತ್ತದೆ. ಅಲ್ಲೇ ನಿಲ್ಲಿಸಿ. ನಾಲ್ಕು ಬೆರಳು ಎಲ್ಲಿವೆ ಅಂತ ಗಮನಿಸಿ. ಮತ್ತೆ ಪೂರ್ತಿ ಹಿಡಿಯಿರಿ. ಮತ್ತೆ ಆ ಜಾಗಕ್ಕೆ ಬನ್ನಿ. ಗಾಡಿ ಒಂದಡಿ ಮುಂದೆ, ಕ್ಲಚ್ ಹಿಡಿದಾಗ ನಿಂತಿತು, ಮತ್ತೊಂದಡಿ ಮುಂದೆ. ನೋಡದೆ, ಯೋಚಿಸದೆ ಬೆರಳು ತಾನಾಗಿ ಆ ಜಾಗಕ್ಕೆ ಹೋಗುವವರೆಗೆ ಇದನ್ನು ಮಾಡಿ. ಬೇಸರ ಬರುತ್ತದೆ, ನಿಜ. ಆದರೆ ಗಾಡಿ ಆಫ್ ಆಗುವ ಸಮಸ್ಯೆಗೆ ಇದಕ್ಕಿಂತ ಒಳ್ಳೆ ಮದ್ದಿಲ್ಲ.

ಆಮೇಲೆ ಬಲಗೈ. ಆಕ್ಸಲರೇಟರನ್ನು ಸ್ವಲ್ಪ ಕೊಟ್ಟು, ಎಂಜಿನ್ನಿನ ಸದ್ದು ಒಂದೇ ಸಮನೆ ಇರುವ ಹಾಗೆ ಹಿಡಿದುಕೊಳ್ಳಿ. ಅದನ್ನು ಮತ್ತೆ ಅಲ್ಲಾಡಿಸಬೇಡಿ. ವೇಗ ಹೆಚ್ಚು ಕಡಿಮೆ ಮಾಡುವುದೆಲ್ಲ ಎಡಗೈಯ ಕೆಲಸ. ಹೆಚ್ಚಿನವರು ತಿರುವಿನ ನಡುವೆ ಹೆದರಿ ಆಕ್ಸಲರೇಟರ್ ಪೂರ್ತಿ ಬಿಟ್ಟುಬಿಡುತ್ತಾರೆ. ಚಕ್ರಕ್ಕೆ ಹೋಗುತ್ತಿದ್ದ ಶಕ್ತಿ ಒಮ್ಮೆಲೇ ನಿಂತಾಗ ವಾಲಿದ ಗಾಡಿ ಇನ್ನಷ್ಟು ವಾಲುತ್ತದೆ, ಕಾಲು ಕೆಳಗೆ ಬರುತ್ತದೆ. ಮೊದಲು ಕೇಳಿದ ಪ್ರಶ್ನೆಗೆ ಉತ್ತರದ ಅರ್ಧ ಭಾಗ ಇದು.

ಮೂರನೆಯದು ಬಲಗಾಲಿನ ಹಿಂದಿನ ಬ್ರೇಕ್. ಅದನ್ನು ಹಗುರವಾಗಿ ಒತ್ತಿಟ್ಟುಕೊಂಡೇ, ಅರ್ಧ ಕ್ಲಚ್ಚಿನಲ್ಲಿ ಗಾಡಿ ಓಡಿಸಿ. ಒಂದು ಕಡೆ ಎಂಜಿನ್ ಎಳೆಯುತ್ತದೆ, ಇನ್ನೊಂದು ಕಡೆ ಬ್ರೇಕ್ ತಡೆಯುತ್ತದೆ. ಇವೆರಡರ ನಡುವೆ ಬೈಕು ಬಿಗಿಯಾಗಿ, ಅಲ್ಲಾಡದೆ ಸಾಗುತ್ತದೆ. ಮುಂದಿನ ಬ್ರೇಕನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ನಡಿಗೆಯ ವೇಗದಲ್ಲಿ, ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ಅಲ್ಲೇ ಮಗುಚುತ್ತದೆ.

ಗೇರ್ ಇಲ್ಲದ ಸ್ಕೂಟರ್ ಆದರೆ ಕ್ಲಚ್ ಇಲ್ಲ. ಅಲ್ಲಿ ಆಕ್ಸಲರೇಟರನ್ನು ಸ್ವಲ್ಪ ಕೊಟ್ಟು ಹಾಗೇ ಹಿಡಿದು, ಎಡಗೈಯ ಹಿಂದಿನ ಬ್ರೇಕಿನಿಂದ ವೇಗ ತಡೆಯಿರಿ. ಸ್ಕೂಟರಿನಲ್ಲಿ ಎಂಟು ಹಾಕಲು ಇದೊಂದೇ ದಾರಿ.

ಒಂದು ಎಚ್ಚರಿಕೆ. ಅರ್ಧ ಕ್ಲಚ್ಚಿನಲ್ಲಿ ತುಂಬಾ ಹೊತ್ತು ಓಡಿಸಿದರೆ ಕ್ಲಚ್ ಬಿಸಿಯಾಗುತ್ತದೆ, ನಿಮ್ಮ ಎಡಗೈಯೂ ಸೋಲುತ್ತದೆ. ಅರ್ಧ ಗಂಟೆ ಅಭ್ಯಾಸ, ಆಮೇಲೆ ಬಿಡುವು. ಕೈ ನೋಯುತ್ತಿರುವಾಗ ಮಾಡುವ ಅಭ್ಯಾಸದಲ್ಲಿ ತಪ್ಪೇ ರೂಢಿಯಾಗುತ್ತದೆ.

5. ಎಂಟು ಹಾಕುವುದು: ಕಣ್ಣು ಎಲ್ಲಿ, ಗಾಡಿ ಅಲ್ಲಿ

ಉತ್ತರದ ಉಳಿದರ್ಧ ಭಾಗ ಕಣ್ಣಿನಲ್ಲಿದೆ. ನೀವು ಎಲ್ಲಿ ನೋಡುತ್ತೀರೋ ಬೈಕು ಅಲ್ಲಿಗೇ ಹೋಗುತ್ತದೆ. ಮುಂದಿನ ಚಕ್ರ ನೋಡಿದರೆ ಗಾಡಿ ನಿಮ್ಮ ಕಾಲ ಬುಡಕ್ಕೇ ಬೀಳಲು ನೋಡುತ್ತದೆ. ಗೆರೆ ಮುಟ್ಟಬಾರದು ಅಂತ ಗೆರೆಯನ್ನೇ ದಿಟ್ಟಿಸಿದರೆ ಸರಿಯಾಗಿ ಗೆರೆಯ ಮೇಲೇ ಹೋಗುತ್ತೀರಿ.

ಹಾಗಾಗಿ ತಿರುವಿಗೆ ಇಳಿಯುವ ಮೊದಲೇ ಗದ್ದವನ್ನು ಹೆಗಲಿನ ಕಡೆಗೆ ತಿರುಗಿಸಿ, ತಿರುವು ಎಲ್ಲಿ ಮುಗಿಯುತ್ತದೋ ಅಲ್ಲಿಗೆ ನೋಡಿ. ಕಣ್ಣು ಮಾತ್ರ ಹೊರಳಿಸಿದರೆ ಸಾಲದು, ತಲೆ ಪೂರ್ತಿ ತಿರುಗಬೇಕು. ಶುರುವಿನಲ್ಲಿ ಇದು ವಿಚಿತ್ರ ಅನಿಸುತ್ತದೆ, ಕೆಳಗೆ ನೋಡದೆ ಹೇಗೆ ಅಂತ ಭಯವಾಗುತ್ತದೆ. ನಾಲ್ಕೈದು ಸುತ್ತು ಹಾಕುವಷ್ಟರಲ್ಲಿ ನಂಬಿಕೆ ಬರುತ್ತದೆ.

ಅಭ್ಯಾಸ ಹೀಗೆ ಮಾಡಿ:

ಮೊದಲು ಬರೀ ವೃತ್ತ. ನೆಲದ ಮೇಲೆ ಸುಮಾರು 8 ಮೀಟರ್ ಅಗಲದ ಒಂದು ವೃತ್ತ ಬರೆದು, ಒಂದೇ ದಿಕ್ಕಿನಲ್ಲಿ ಸುತ್ತಿ. ಆಮೇಲೆ ಇನ್ನೊಂದು ದಿಕ್ಕು. ಎಲ್ಲರಿಗೂ ಒಂದು ಕಡೆ ಸುಲಭ, ಇನ್ನೊಂದು ಕಡೆ ಕಷ್ಟ. ಕಷ್ಟದ ಕಡೆಗೇ ಎರಡು ಪಟ್ಟು ಸಮಯ ಕೊಡಿ.

ಎರಡೂ ಕಡೆ ಕಾಲು ಊರದೆ ಬಂದ ಮೇಲೆ ಪಕ್ಕದಲ್ಲೇ ಇನ್ನೊಂದು ವೃತ್ತ ಸೇರಿಸಿ ಎಂಟು ಮಾಡಿ. ಎಂಟಿನಲ್ಲಿ ತಪ್ಪುವುದು ವೃತ್ತದ ಒಳಗಲ್ಲ, ನಡುವೆ ಗೆರೆಗಳು ಕೂಡುವ ಜಾಗದಲ್ಲಿ. ಅಲ್ಲಿ ಗಾಡಿ ಒಂದು ಕ್ಷಣ ನೇರ ಆಗುತ್ತದೆ. ಆ ಕ್ಷಣದಲ್ಲೇ ತಲೆ ಇನ್ನೊಂದು ಕಡೆ ತಿರುಗಿರಬೇಕು. ತಲೆ ತಡವಾದರೆ ಹ್ಯಾಂಡಲೂ ತಡ, ಎರಡನೇ ವೃತ್ತ ದೊಡ್ಡದಾಗಿ ಗೆರೆ ದಾಟುತ್ತದೆ.

ದಿನ ಕಳೆದಂತೆ ವೃತ್ತ ಚಿಕ್ಕದು ಮಾಡುತ್ತಾ ಬನ್ನಿ. ನಿಮ್ಮ ಟೆಸ್ಟ್ ಟ್ರ್ಯಾಕಿನ ಅಳತೆಗಿಂತ ಸ್ವಲ್ಪ ಇಕ್ಕಟ್ಟಾದ ಎಂಟನ್ನು ಆರಾಮಾಗಿ ಹಾಕುವಂತಾದರೆ, ಟೆಸ್ಟಿನ ದಿನ ಟ್ರ್ಯಾಕ್ ವಿಶಾಲವಾಗಿ ಕಾಣುತ್ತದೆ.

ಮೈ ಬಗ್ಗೆ ಒಂದು ಮಾತು. ಮೊಣಕಾಲುಗಳಿಂದ ಪೆಟ್ರೋಲ್ ಟ್ಯಾಂಕನ್ನು ಹಿಡಿದುಕೊಳ್ಳಿ, ಮೊಣಕೈ ಸಡಿಲ ಬಿಡಿ. ತೋಳು ಸೆಟೆದುಕೊಂಡರೆ ಹ್ಯಾಂಡಲ್ ತಿರುಗುವುದೇ ಇಲ್ಲ. ನಿಧಾನ ತಿರುವಿನಲ್ಲಿ ಬೈಕು ಒಂದು ಕಡೆ ವಾಲಲಿ, ನಿಮ್ಮ ಮೈ ನೆಟ್ಟಗೆ ಇರಲಿ, ಬೇಕಿದ್ದರೆ ಒಂಚೂರು ತಿರುವಿನ ಹೊರಬದಿಗೆ.

6. ನೇರ ಗೆರೆ, ಕಂಬಗಳ ನಡುವೆ ಹಾವಿನ ನಡೆ, ಯು ತಿರುವು

ಎಂಟು ಬಂತು ಅಂದರೆ ಇವು ಮೂರೂ ಹೆಚ್ಚು ಕಷ್ಟವಲ್ಲ. ನೇರ ಗೆರೆಯಲ್ಲಿ ನಿಧಾನಕ್ಕೆ ಹೋಗುವಾಗ ದೂರದ ಒಂದು ಗುರುತನ್ನು ನೋಡಿ. ಹ್ಯಾಂಡಲ್ಲನ್ನು ಸಣ್ಣಗೆ ಎಡಕ್ಕೆ ಬಲಕ್ಕೆ ಆಡಿಸುತ್ತಿರಿ, ಬಿಗಿಯಾಗಿ ಹಿಡಿಯಬೇಡಿ. ಕಂಬಗಳ ನಡುವೆ ಹೋಗುವಾಗ ಎದುರಿಗಿರುವ ಕಂಬವನ್ನು ಬಿಟ್ಟು ಅದರ ಮುಂದಿನದನ್ನು ನೋಡಿ. ಯು ತಿರುವಿನಲ್ಲಿ ತಿರುಗುವ ಮೊದಲು ಹೆಗಲ ಮೇಲಿನಿಂದ ಹಿಂದೆ ನೋಡುವುದನ್ನು ಮರೆಯಬೇಡಿ. ಪರೀಕ್ಷಕರು ಮೊದಲು ಗಮನಿಸುವುದೇ ಅದನ್ನು.

7. ಬ್ರೇಕ್: ಟೆಸ್ಟಿಗೂ ಬೇಕು, ಜೀವಕ್ಕೂ ಬೇಕು

"ಮುಂದಿನ ಬ್ರೇಕ್ ಹಿಡಿಯಬೇಡ, ಬೀಳ್ತೀಯ." ಬೈಕು ಕಲಿಯುವ ಪ್ರತಿಯೊಬ್ಬರಿಗೂ ಯಾರಾದರೂ ಒಬ್ಬರು ಇದನ್ನು ಹೇಳಿಯೇ ಇರುತ್ತಾರೆ. ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ದಯವಿಟ್ಟು ಈ ಮಾತನ್ನು ಮರೆತುಬಿಡಿ. ನಡಿಗೆಯ ವೇಗದ ತಿರುವಿಗೆ ಮಾತ್ರ ಅದು ಸರಿ. ನೇರ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಬೈಕು ನಿಲ್ಲಿಸುವುದು ಮುಂದಿನ ಬ್ರೇಕೇ. ಬ್ರೇಕ್ ಹಿಡಿದಾಗ ಗಾಡಿಯ ಮತ್ತು ನಿಮ್ಮ ಭಾರ ಮುಂದಕ್ಕೆ ಬರುತ್ತದೆ. ಮುಂದಿನ ಟೈರು ನೆಲವನ್ನು ಇನ್ನೂ ಬಿಗಿಯಾಗಿ ಒತ್ತುತ್ತದೆ, ಹಿಂದಿನದು ಹಗುರಾಗುತ್ತದೆ. ಹಗುರಾದ ಹಿಂದಿನ ಚಕ್ರಕ್ಕೆ ಮಾತ್ರ ಜೋರಾಗಿ ಬ್ರೇಕ್ ಹಾಕಿದರೆ ಅದು ಲಾಕ್ ಆಗಿ ಜಾರುತ್ತದೆ.

ಇದು ಸುಮ್ನೆ ಹೇಳುವ ಮಾತಲ್ಲ. 1981ರಲ್ಲಿ ಅಮೆರಿಕದ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲೀಸ್ ಸುತ್ತಮುತ್ತ ನಡೆದ ಸುಮಾರು 900 ಬೈಕು ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ ವರದಿ ಕೊಟ್ಟಿತು. ಅಪಘಾತಕ್ಕೆ ಸಿಕ್ಕಿದವರು ಹೆಚ್ಚಾಗಿ ಹಿಂದಿನ ಬ್ರೇಕನ್ನು ವಿಪರೀತ ಒತ್ತಿ ಜಾರಿದ್ದರು, ಮುಂದಿನ ಬ್ರೇಕನ್ನು ಸಾಕಷ್ಟು ಹಿಡಿದಿರಲಿಲ್ಲ. ಅಪಾಯ ಕಂಡ ಮೇಲೆ ಅವರ ಕೈಯಲ್ಲಿದ್ದ ಸಮಯ ಎರಡು ಸೆಕೆಂಡಿಗಿಂತ ಕಡಿಮೆ. ನೂರಕ್ಕೆ 92 ಮಂದಿ ತಾವೇ ಕಲಿತವರು, ಇಲ್ಲವೇ ಮನೆಯವರಿಂದ, ಗೆಳೆಯರಿಂದ ಕಲಿತವರು. ಎರಡು ಸೆಕೆಂಡಿನಲ್ಲಿ ಯೋಚಿಸಲು ಆಗುವುದಿಲ್ಲ, ಅಲ್ವಾ? ಕೈಗೆ ಗೊತ್ತಿದ್ದನ್ನೇ ಕೈ ಮಾಡುತ್ತದೆ. ಅದಕ್ಕೇ ಇದನ್ನು ಟೆಸ್ಟಿಗೆ ಮೊದಲೇ ಕೈಗೆ ಕಲಿಸಬೇಕು.

ಗಂಟೆಗೆ 50 ಕಿ.ಮೀ. ವೇಗದಲ್ಲಿ ಬೈಕು ಪ್ರತಿ ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಅಪಾಯ ಕಂಡು ಬ್ರೇಕಿಗೆ ಕೈ ಹೋಗಲು ಒಂದು ಸೆಕೆಂಡು ಬೇಕಾಯಿತು ಅಂದರೆ 14 ಮೀಟರ್ ಹೋಯಿತು. ಒಣ ರಸ್ತೆಯಲ್ಲಿ, ಚೆನ್ನಾಗಿ ಬ್ರೇಕ್ ಹಾಕಿದರೂ ನಿಲ್ಲಲು ಇನ್ನೂ ಅಷ್ಟೇ ದೂರ ಬೇಕು. ವೇಗ ಎರಡು ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟು.

ಅಭ್ಯಾಸದ ಕ್ರಮ: ಗಾಡಿ ನೇರ ಇರಲಿ, ತಲೆ ಮೇಲಿರಲಿ. ಆಕ್ಸಲರೇಟರ್ ಬಿಡಿ. ಮುಂದಿನ ಮತ್ತು ಹಿಂದಿನ ಬ್ರೇಕನ್ನು ಒಟ್ಟಿಗೇ ಹಾಕಿ. ಮುಂದಿನ ಲಿವರನ್ನು ಗಬಕ್ಕನೆ ಹಿಡಿಯಬೇಡಿ, ಸ್ಪಂಜಿನಿಂದ ನೀರು ಹಿಂಡುವ ಹಾಗೆ ಮೊದಲು ಮೆತ್ತಗೆ, ಆಮೇಲೆ ಬಿಗಿಯಾಗಿ. ಮುಂದಿನ ಶಾಕ್ ಅಬ್ಸಾರ್ಬರ್ ಕೆಳಗೆ ಕೂರುವುದು ಕೈಗೆ ಗೊತ್ತಾಗುತ್ತದೆ. ಅದು ಕೂತ ಮೇಲೆ ಟೈರಿಗೆ ಹಿಡಿತ ಬಂದಿದೆ, ಇನ್ನಷ್ಟು ಒತ್ತಬಹುದು. ನಿಲ್ಲುವ ಮೊದಲು ಕ್ಲಚ್ ಹಿಡಿದು ಮೊದಲನೇ ಗೇರಿಗೆ ಬನ್ನಿ. ನಿಂತಾಗ ಎಡಗಾಲು ನೆಲಕ್ಕೆ, ಬಲಗಾಲು ಬ್ರೇಕಿನ ಮೇಲೆ.

20 ಕಿ.ಮೀ. ವೇಗದಿಂದ ಶುರು ಮಾಡಿ. ಅಲ್ಲಿ ನಯವಾಗಿ ಬಂದ ಮೇಲೆ 30, ಆಮೇಲೆ 40. ಬ್ರಿಟನ್ನಿನ ಟೆಸ್ಟಿನಲ್ಲಿ ಕನಿಷ್ಠ 50 ಕಿ.ಮೀ. ವೇಗದಿಂದ ತಟ್ಟನೆ ನಿಲ್ಲಿಸಿ ತೋರಿಸಬೇಕು. ಮರಳು, ಜಲ್ಲಿ, ಒದ್ದೆ ನೆಲದ ಮೇಲೆ ಈ ಅಭ್ಯಾಸ ಬೇಡ. ಒದ್ದೆ ರಸ್ತೆಯಲ್ಲಿ ನಿಲ್ಲುವ ದೂರ ಸುಮಾರು ಎರಡು ಪಟ್ಟಾಗುತ್ತದೆ ಅನ್ನುವುದು ನೆನಪಿರಲಿ.

ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಗೆ ಎಬಿಎಸ್ ಅನ್ನುತ್ತಾರೆ. ಅದಿರುವ ಬೈಕಿನಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಲಿವರ್ ಅಥವಾ ಪೆಡಲ್ ಟಕಟಕ ಅಂತ ನಡುಗಬಹುದು. ಹೆದರಿ ಬಿಡಬೇಡಿ, ಒತ್ತಿಯೇ ಇರಿ.

8. ಪಕ್ಕಕ್ಕೆ ತಪ್ಪಿಸುವುದು

ಕೆಲವು ದೇಶಗಳ ಟೆಸ್ಟಿನಲ್ಲಿ ಅಡ್ಡಿಯನ್ನು ತಟ್ಟನೆ ತಪ್ಪಿಸಿ ಮುಂದೆ ಹೋಗುವ ಕಸರತ್ತು ಇದೆ. ನಿಮ್ಮ ಟೆಸ್ಟಿನಲ್ಲಿ ಇಲ್ಲದಿದ್ದರೂ ಕಲಿಯಿರಿ. ಗಂಟೆಗೆ 25 ಕಿ.ಮೀ. ದಾಟಿದ ಮೇಲೆ ಬೈಕು ತಿರುಗುವ ರೀತಿ ಬೇರೆ. ಎಡಕ್ಕೆ ಹೋಗಬೇಕಾದರೆ ಹ್ಯಾಂಡಲಿನ ಎಡ ಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಓದಿದಾಗ ಉಲ್ಟಾ ಅನಿಸುತ್ತದೆ. ನೇರ, ಖಾಲಿ ರಸ್ತೆಯಲ್ಲಿ ಎಡ ಹಿಡಿಯನ್ನು ಅಂಗೈಯಿಂದ ಸ್ವಲ್ಪವೇ ಒತ್ತಿ ನೋಡಿ. ಬೈಕು ಎಡಕ್ಕೆ ವಾಲಿ ಎಡಕ್ಕೇ ಹೋಗುತ್ತದೆ. ಬಲ ಹಿಡಿ ಒತ್ತಿದರೆ ಬಲಕ್ಕೆ.

ಪಕ್ಕಕ್ಕೆ ತಪ್ಪಿಸುತ್ತಿರುವಾಗ ಬ್ರೇಕ್ ಹಾಕಬಾರದು. ಟೈರಿಗೆ ಇರುವ ಹಿಡಿತ ತಿರುಗಲು ಖರ್ಚಾಗುತ್ತಿರುತ್ತದೆ, ನಿಲ್ಲಿಸಲು ಉಳಿದಿರುವುದಿಲ್ಲ. ಮೊದಲು ಬ್ರೇಕ್ ಹಾಕಿ ಬಿಟ್ಟು ತಪ್ಪಿಸಿ, ಇಲ್ಲವೇ ತಪ್ಪಿಸಿ ನೇರ ಆದ ಮೇಲೆ ಬ್ರೇಕ್ ಹಾಕಿ.

9. ರಸ್ತೆಯ ಮೇಲಿನ ಟೆಸ್ಟ್: ನೋಡಿದ್ದು ಪರೀಕ್ಷಕರಿಗೂ ಕಾಣಬೇಕು

ರಸ್ತೆಯಲ್ಲಿ ಅಂಕ ಹೋಗುವುದು ದೊಡ್ಡ ತಪ್ಪಿಗಿಂತ ಜಾಸ್ತಿ ಸಣ್ಣ ಮರೆವಿಗೆ. ಹೊರಡುವಾಗ, ಸಾಲು ಬದಲಾಯಿಸುವಾಗ, ತಿರುಗುವಾಗ ಕ್ರಮ ಒಂದೇ: ಕನ್ನಡಿ, ಇಂಡಿಕೇಟರ್, ಹೆಗಲ ಮೇಲಿನಿಂದ ಒಂದು ನೋಟ, ಆಮೇಲೆ ಗಾಡಿ ಪಕ್ಕಕ್ಕೆ. ಕನ್ನಡಿಯಲ್ಲಿ ಕಾಣದ ಒಂದು ಜಾಗ ಹೆಗಲ ಹಿಂದೆ ಯಾವಾಗಲೂ ಇರುತ್ತದೆ, ಅದಕ್ಕೇ ಆ ಕೊನೇ ನೋಟ. ಕಣ್ಣಂಚಿನಲ್ಲಿ ನೋಡಿದರೆ ಹೆಲ್ಮೆಟ್ಟಿನೊಳಗೆ ನೀವು ನೋಡಿದ್ದು ಯಾರಿಗೂ ಗೊತ್ತಾಗುವುದಿಲ್ಲ. ತಲೆ ತಿರುಗಿಸಿಯೇ ನೋಡಿ.

ತಿರುಗಿದ ಮೇಲೆ ಇಂಡಿಕೇಟರ್ ಆಫ್ ಮಾಡಿ. ಬಹಳಷ್ಟು ಬೈಕುಗಳಲ್ಲಿ ಅದು ತಾನಾಗಿ ಆಫ್ ಆಗುವುದಿಲ್ಲ. ಎಡಕ್ಕೆ ಮಿನುಗುತ್ತಾ ನೇರ ಹೋಗುವ ಬೈಕನ್ನು ನಂಬಿ ಯಾರೋ ಅಡ್ಡ ಬರುತ್ತಾರೆ. ತಿರುಗಿದ ಕೂಡಲೇ ಹೆಬ್ಬೆರಳು ಆ ಗುಂಡಿ ಒತ್ತುವುದನ್ನು ರೂಢಿ ಮಾಡಿಕೊಳ್ಳಿ.

ನಿಲ್ಲು ಫಲಕ ಇದ್ದಲ್ಲಿ ಗೆರೆಗೆ ಮೊದಲೇ ಪೂರ್ತಿ ನಿಲ್ಲಿ. ಉರುಳುತ್ತಾ ದಾಟಿದರೆ ಅದನ್ನು ನಿಂತದ್ದು ಅಂತ ಲೆಕ್ಕ ಹಾಕುವುದಿಲ್ಲ. ಅತಿ ನಿಧಾನ ಹೋಗುವುದೂ ತಪ್ಪೇ. ರಸ್ತೆ ಖಾಲಿ ಇದ್ದು, ವೇಗದ ಮಿತಿ 50 ಇರುವಾಗ 25ರಲ್ಲಿ ಹೋದರೆ ಆತ್ಮವಿಶ್ವಾಸ ಇಲ್ಲ ಅಂತ ಬರೆಯುತ್ತಾರೆ.

10. ಟೆಸ್ಟಿನ ದಿನ

ದಾಖಲೆಗಳನ್ನು ಹಿಂದಿನ ರಾತ್ರಿಯೇ ಒಂದು ಕವರಿಗೆ ಹಾಕಿಡಿ. ಮೂಲ ಪ್ರತಿಗಳೇ ಇರಲಿ. ಅರ್ಧ ಗಂಟೆ ಮೊದಲೇ ಹೋಗಿ, ನಿಮಗಿಂತ ಮುಂದೆ ಇರುವವರು ಎಲ್ಲಿ ತಿರುಗುತ್ತಾರೆ, ಎಲ್ಲಿ ನಿಲ್ಲುತ್ತಾರೆ ಅಂತ ನೋಡಿ. ಅವರು ತಪ್ಪಿದ್ದನ್ನು ನೋಡಿ ಗಾಬರಿ ಬೇಡ. ಟ್ರ್ಯಾಕಿನಲ್ಲಿ ಮರಳು ಎಲ್ಲಿದೆ, ಇಳಿಜಾರು ಎಲ್ಲಿದೆ ಅನ್ನುವುದಷ್ಟೇ ನಿಮಗೆ ಬೇಕಾದದ್ದು.

ನಿಮ್ಮ ಸರದಿ ಬಂದಾಗ ಗಾಡಿ ಹತ್ತಿ, ಕನ್ನಡಿ ಸರಿ ಮಾಡಿ, ಸೈಡ್ ಸ್ಟ್ಯಾಂಡ್ ಎತ್ತಿ. ಎಷ್ಟೋ ಬೈಕುಗಳಲ್ಲಿ ಸ್ಟ್ಯಾಂಡ್ ಇಳಿದಿದ್ದರೆ ಗೇರ್ ಹಾಕಿದ ಕೂಡಲೇ ಎಂಜಿನ್ ಆಫ್ ಆಗುತ್ತದೆ. ಗಾಬರಿಯಲ್ಲಿ ಏನಾಯಿತು ಅಂತಲೇ ತಿಳಿಯುವುದಿಲ್ಲ. ಬಲಗೈ ಹತ್ತಿರ ಎಂಜಿನ್ ಆಫ್ ಮಾಡುವ ಕೆಂಪು ಸ್ವಿಚ್ ಇರುತ್ತದೆ, ಅದು ಎಂಜಿನ್ ಓಡುವ ಕಡೆಗೆ ಇದೆಯಾ ಅಂತಲೂ ನೋಡಿ. ಪರೀಕ್ಷಕರು ಹೇಳಿದ್ದು ಅರ್ಥ ಆಗದಿದ್ದರೆ, "ಸರ್, ಇನ್ನೊಂದು ಸಲ ಹೇಳ್ತೀರಾ?" ಅಂತ ಕೇಳಿ. ಕೇಳಿದ್ದಕ್ಕೆ ಅಂಕ ಕಳೆಯುವುದಿಲ್ಲ, ತಪ್ಪು ದಾರಿಯಲ್ಲಿ ಹೋದರೆ ಕಳೆಯಬಹುದು.

ನಡುವೆ ಗಾಡಿ ಆಫ್ ಆದರೆ ಬ್ರೇಕ್ ಹಿಡಿದು ನಿಲ್ಲಿ. ಕ್ಲಚ್ ಹಿಡಿಯಿರಿ, ಸ್ಟಾರ್ಟ್ ಮಾಡಿ, ಹಿಂದೆ ನೋಡಿ, ಹೊರಡಿ. ಒಂದು ಸಲ ಆಫ್ ಆಗಿದ್ದಕ್ಕೆ ಹಲವು ಕಡೆ ಫೇಲ್ ಮಾಡುವುದಿಲ್ಲ. ಬ್ರಿಟನ್ನಿನ ರಸ್ತೆ ಟೆಸ್ಟಿನಲ್ಲಂತೂ 10 ಸಣ್ಣ ತಪ್ಪುಗಳವರೆಗೆ ಪಾಸು. ಆ ಒಂದು ತಪ್ಪನ್ನೇ ಯೋಚಿಸುತ್ತಾ ಮುಂದಿನ ಮೂರು ತಪ್ಪು ಮಾಡುವುದರಿಂದ ಫೇಲ್ ಆಗುವವರೇ ಜಾಸ್ತಿ.

ಟೆಸ್ಟಿಲ್ಲದೆ ಪಾಸು ಮಾಡಿಸಿಕೊಡುತ್ತೇವೆ ಅಂತ ಯಾರಾದರೂ ಹತ್ತಿರ ಬಂದರೆ ಒಪ್ಪಬೇಡಿ. ಅದು ಕಾನೂನಿಗೆ ವಿರುದ್ಧ. ಮೇಲಾಗಿ, ಮುಂದಿನ ಬ್ರೇಕ್ ಹಿಡಿಯಲು ಬಾರದ ಕೈಗೆ ಆ ಲೈಸೆನ್ಸ್ ಏನೂ ಕಲಿಸಿಕೊಡುವುದಿಲ್ಲ.

11. ಫೇಲ್ ಆದರೆ

ಅಲ್ಲಿಂದ ಹೊರಡುವ ಮೊದಲು ಎಲ್ಲಿ ತಪ್ಪಾಯಿತು ಅಂತ ಪರೀಕ್ಷಕರನ್ನು ವಿನಯದಿಂದ ಕೇಳಿ, ಬರೆದುಕೊಳ್ಳಿ. ಮನೆಗೆ ಹೋಗುವಷ್ಟರಲ್ಲಿ ಮರೆತುಹೋಗುತ್ತದೆ. ಭಾರತದಲ್ಲಿ 7 ದಿನ ಕಳೆದ ಮೇಲೆ ಮತ್ತೆ ಟೆಸ್ಟ್ ಕೊಡಬಹುದು. ಮೂರು ಸಲ ಫೇಲ್ ಆದರೆ 60 ದಿನ ಕಾಯಬೇಕು. ಹಾಗಾಗಿ ಅವಕಾಶಗಳನ್ನು ಬೇಕಾಬಿಟ್ಟಿ ಖರ್ಚು ಮಾಡಬೇಡಿ.

ಕಾಲು ಊರಿದ್ದಕ್ಕೆ ಫೇಲ್ ಆಗಿದ್ದರೆ ಎಂಟನ್ನು ಬಿಟ್ಟು 4ನೇ ಹಂತಕ್ಕೆ ವಾಪಸ್ ಹೋಗಿ, ಅರ್ಧ ಕ್ಲಚ್ಚನ್ನೇ ಮಾಡಿ. ಗೆರೆ ದಾಟಿದ್ದಕ್ಕೆ ಆದರೆ 5ನೇ ಹಂತ, ತಲೆ ತಿರುಗಿಸುವುದು. ಹಿಂದೆ ನೋಡದೆ ತಿರುಗಿದ್ದಕ್ಕೆ ಆದರೆ ಬೈಕು ಬೇಕಾಗಿಯೇ ಇಲ್ಲ. ರಸ್ತೆಯಲ್ಲಿ ನಡೆದು ಹೋಗುವಾಗಲೂ ಪ್ರತಿ ತಿರುವಿಗೆ ಮೊದಲು ಹೆಗಲ ಮೇಲಿನಿಂದ ಒಮ್ಮೆ ಹಿಂದೆ ನೋಡಿ. ಒಂದು ವಾರ ಹೀಗೆ ಮಾಡಿದರೆ ಬೈಕಿನ ಮೇಲೂ ಕುತ್ತಿಗೆ ತಾನಾಗಿ ತಿರುಗುತ್ತದೆ.